ಪಾಷಾನ ಹೆಣ್ಣುಮಕ್ಕಳು

ದನಗಳಿಗೆ ನಮ್ಮ ಹೆದರಿಕೆಯ ವಾಸನೆ ಬಡಿಯುತ್ತದೆ ಎಂದು ಹೇಳಿಕೊಂಡು ತಿರುಗುವ ಮಹಾಶಯರನ್ನೆಲ್ಲ ಒಂದು ದಿನ ನನ್ನ ಜೊತೆ ದೊಡ್ಡಿಯೊಳಗೆ ನಿಲ್ಲಿಸಬೇಕು. ವಾಸನೆಯೂ ಇಲ್ಲ, ಮಣ್ಣೂ ಇಲ್ಲ. ದನ ನೋಡುವುದು ನಮ್ಮ ಕಾಲನ್ನು. ಹೆದರಿದವರ ಕಾಲು ನಿಂತಲ್ಲಿ ನಿಲ್ಲುವುದಿಲ್ಲ, ಹಿಂದಕ್ಕೋ ಪಕ್ಕಕ್ಕೋ ಒಂದಿಷ್ಟು ಜರುಗುತ್ತದೆ. ಅದಕ್ಕೆ ಅಷ್ಟು ಸಾಕು. ಹೋದ ವರ್ಷ ಒಂದು ಕಡಸು ನನ್ನನ್ನು ಗೋಡೆಗೊತ್ತಿ ಪಕ್ಕೆಲುಬು ಮುರಿದ ಮೇಲೆ ನನ್ನ ಕಾಲು ನನ್ನ ಮಾತು ಕೇಳುವುದನ್ನು ಬಿಟ್ಟಿತ್ತು. ಮೂಳೆ ಕೂಡಿಕೊಂಡಿತು, ಕಾಲು ಕೂಡಿಕೊಳ್ಳಲಿಲ್ಲ. ಇದನ್ನು ನಾನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ದನದ ಎದುರು ನಿಲ್ಲುವುದೇ ನನ್ನ ಕೆಲಸ. ಹೆದರಿಕೆ ಎಂದರೆ ಆ ಕೆಲಸ ಹೋಯಿತು ಎಂದೇ ಅರ್ಥ.

ಮಾಂಸದ ದನಕ್ಕೆ ಹೆಸರಾದ ನಮ್ಮ ಲಿಮೂಸಾಂ ಸೀಮೆಯಲ್ಲಿ ಒಂದು ಹೋರಿ ಬೀಜಕ್ಕೆ ಯೋಗ್ಯವೋ ಅಲ್ಲವೋ ಎಂದು ತಿಳಿಯಬೇಕಾದರೆ ಹೋರಿಯನ್ನು ನೋಡಿ ಪ್ರಯೋಜನವಿಲ್ಲ, ಅದರ ಮಕ್ಕಳನ್ನು ನೋಡಬೇಕು. ಗಂಡುಮಕ್ಕಳು ಕಸಾಯಿಖಾನೆಗೆ ಹೋಗಿ ತಮ್ಮ ಮಾಂಸ ಎಷ್ಟು ಮೃದು, ಅದರೊಳಗೆ ಕೊಬ್ಬಿನ ಎಳೆ ಎಷ್ಟು ಎನ್ನುವುದಕ್ಕೆ ಉತ್ತರ ಕೊಡುತ್ತವೆ. ಹೆಣ್ಣುಮಕ್ಕಳ ಸ್ವಭಾವವನ್ನು ತಳಿ ಸಂಘದ ಪರವಾಗಿ ನಾನು ನೋಡುತ್ತೇನೆ. ಮಾಂಸಕ್ಕೂ ಸ್ವಭಾವಕ್ಕೂ ಎಲ್ಲಿಯ ಸಂಬಂಧ ಎಂದು ಪೇಟೆಯವರು ಕೇಳುತ್ತಾರೆ. ನಮ್ಮೂರ ಕಟುಕರನ್ನು ಕೇಳಲಿ. ಬೆದರುವ ಜಾತಿಯ ದನ ಲಾರಿಯಲ್ಲೇ ಅರ್ಧ ಸತ್ತಿರುತ್ತದೆ, ಮೈಯೊಳಗಿನ ಕಸುವನ್ನೆಲ್ಲ ದಾರಿಯಲ್ಲೇ ಸುಟ್ಟುಕೊಂಡಿರುತ್ತದೆ. ಅದರ ಮಾಂಸ ಕಪ್ಪಗೆ ಅಂಟಂಟಾಗಿ ಚಪ್ಪಲಿ ಅಗಿದ ಹಾಗಿರುತ್ತದೆ. ಆ ಬೆದರು ವಂಶದಲ್ಲಿ ಇಳಿದು ಬರುತ್ತದೆ, ಅಪ್ಪನಿಂದ ಮಗಳಿಗೆ, ಮಗಳಿಂದ ಅವಳ ಕರುವಿಗೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ದನದ ಮಟ್ಟಿಗಂತೂ ನೂರಕ್ಕೆ ನೂರು ನಿಜ.

ಪರೀಕ್ಷೆ ನೋಡಲು ಬಹಳ ಸುಲಭ. ಕಡಸನ್ನು ಅದರ ಜೊತೆಗಾರರಿಂದ ಬೇರೆ ಮಾಡಿ ಒಂದು ದೊಡ್ಡಿಗೆ ಬಿಡುತ್ತಾರೆ. ಜೊತೆಗಾರರು ಒಂದು ತುದಿಯಲ್ಲಿ, ಕಂಬಿಯ ಆಚೆ. ನಾನು ಬರಿಗೈಯಲ್ಲಿ ಒಳಗೆ ಹೋಗಿ ಅದನ್ನು ಇನ್ನೊಂದು ತುದಿಯ ಮೂಲೆಗೆ ನಡೆಸಬೇಕು, ಅರ್ಧ ನಿಮಿಷ ಅಲ್ಲೇ ನಿಲ್ಲಿಸಬೇಕು, ಆಮೇಲೆ ಬೆನ್ನು ಮುಟ್ಟಬೇಕು. ನಿಂತರೆ ಸಾಧು, ಓಡಿದರೆ ಬೆದರುಗುಳಿ, ನನ್ನ ಮೇಲೇ ಬಂದರೆ ಆ ಅಪ್ಪನ ಕಥೆ ಮುಗಿಯಿತು. ಒಂದೇ ಷರತ್ತು: ಕಡಸುಗಳನ್ನು ಯಾರೂ ಕೈಯಲ್ಲಿ ತಿನ್ನಿಸಿ ಪಳಗಿಸಿರಬಾರದು. ನಮಗೆ ಬೇಕಾದದ್ದು ಹುಟ್ಟಿನಿಂದ ಬಂದ ಗುಣವೇ ಹೊರತು ಕಲಿಸಿದ ಗುಣವಲ್ಲ.

ಆ ನವೆಂಬರ್‌ನಲ್ಲಿ ಆನ್ಸೆಲ್ಮ್ ದೊಡ್ಡಪ್ಪ ಫೋನ್ ಮಾಡಿದಾಗ ನಾನು ರಜೆ ಹಾಕಲು ಏನು ಕಾಯಿಲೆ ಹೇಳುವುದೆಂದು ಯೋಚಿಸುತ್ತಿದ್ದೆ. ಅವರು ನನ್ನ ಅಪ್ಪನ ಅಣ್ಣನಲ್ಲ. ಜ್ಞಾನಸ್ನಾನದ ದಿನ ಚರ್ಚಿನಲ್ಲಿ ನನ್ನನ್ನು ನೀರಿನ ತೊಟ್ಟಿಯ ಮೇಲೆ ಹಿಡಿದುಕೊಂಡ ಧರ್ಮಪಿತ, ಅಪ್ಪ ಸತ್ತ ಮೇಲೆ ಅಪ್ಪನ ಹಾಗೆ ನೋಡಿಕೊಂಡವರು. ದನದ ಎದುರು ನಿಲ್ಲುವುದನ್ನು ನನಗೆ ಕಲಿಸಿದವರೂ ಅವರೇ.

"ನನ್ನ ಪಾಷಾನ ಹೆಣ್ಮಕ್ಕಳ ಪರೀಕ್ಷೆ ಇದೆ ಮಗಳೇ. ಬೇರೆ ಯಾರೂ ಬೇಡ, ನೀನೇ ಬಾ. ನಿನ್ನ ಕೈಯೇ ಒಳ್ಳೇದು," ಎಂದರು.

ಪಾಷಾ ಎಂದರೆ ಅವರ ಬೀಜದ ಹೋರಿ. ದೊಡ್ಡಪ್ಪನ ಮಾತಿಗೆ ಇಲ್ಲವೆನ್ನಲು ಆಗಲಿಲ್ಲ. ಅವರ ದನಗಳ ಗುಣ ನನಗೆ ಗೊತ್ತಿದ್ದದ್ದೇ, ಆ ಮನೆಯಲ್ಲಿ ನನಗೇನೂ ಆಗದು ಎಂದು ಸಮಾಧಾನ ಮಾಡಿಕೊಂಡೆ.

ಪರೀಕ್ಷೆಯ ದಿನ ಬೆಳಿಗ್ಗೆ ಲಾ ವೆರ್ನಿ ಎನ್ನುವ ಊರಿನ ತಿರುವಿನಲ್ಲಿ, ಅವರ ಮನೆಯ ಮುಂದಿನ ಚೆಸ್ಟ್‌ನಟ್ ಮರದ ಕೆಳಗೆ ಕಾರು ನಿಲ್ಲಿಸಿ ನಾನು ಇಳಿಯದೆ ಕೂತೆ. ಪಕ್ಕದಲ್ಲಿ ಕ್ಲೋವಿಸ್. ಗೇಟಿನಾಚೆ ನಿಂತು ಗಡಿಯಾರ ನೋಡಿ ಅಂಕ ಬರೆದುಕೊಳ್ಳುವುದು ಅವನ ಕೆಲಸ. ಮಂಡಿ ಕೆಟ್ಟು ಕೂತಿದೆ, ನಾಲಿಗೆ ಮಾತ್ರ ಚೆನ್ನಾಗಿದೆ.

"ಏನಮ್ಮ ಮಾರಿನೆಟ್, ಇಳಿಯೋದಿಲ್ವಾ? ಸೀಟಿನ ಮೇಲೆ ಮೊಟ್ಟೆ ಇಟ್ಟು ಕಾವಿಗೆ ಕೂತಿದ್ದೀಯಾ?"

"ನಿನ್ನ ಮಂಡಿ ಮೊದಲು ಇಳೀಲಿ ಅಂತ ಕಾಯ್ತಿದ್ದೀನಿ."

"ನನ್ನ ಮಂಡಿ ಆಗ್ಲೇ ಪಿಂಚಣಿ ತಗೊಂಡು ಹೋಯ್ತು. ಉಳಿದಿರೋದು ನಾನೊಬ್ಬನೇ," ಎಂದು ನಗುತ್ತ ಅವನು ನನ್ನ ಮುಖ ನೋಡಿದ. ನಗು ನಿಲ್ಲಿಸಿದ. "ಯಾಕೆ, ಹುಷಾರಿಲ್ವಾ? ಮುಖ ಸುಣ್ಣದ ಹಾಗಿದೆ."

"ಚಳಿ," ಎಂದು ಇಳಿದೆ.

ಅಂಗಳದಲ್ಲಿ ದೊಡ್ಡಪ್ಪನ ಹೆಂಡತಿ ಲೂಸೆಟ್ ಎದುರಾದರು. ಎರಡು ಕೆನ್ನೆಗೂ ಮುತ್ತಿಟ್ಟು, ನನ್ನ ತೋಳು ಹಿಡಿದುಕೊಂಡವರು ಬಿಡಲಿಲ್ಲ. "ಇವತ್ತು ಬೇಡ ಕಣೆ. ನೆಲವೆಲ್ಲ ಜಾರ್ತಾ ಇದೆ. ಮುಂದಿನ ವಾರ ಬಾ," ಎಂದು ಮೆಲ್ಲಗೆ ಹೇಳಿದರು. ಅಷ್ಟರಲ್ಲಿ ಕೊಟ್ಟಿಗೆಯ ಬಾಗಿಲಿಂದ ದೊಡ್ಡಪ್ಪನ ದನಿ ಬಂತು. "ನಿನ್ ಕೆಲ್ಸ ನೀನ್ ನೋಡ್ಕೊ ಲೂಸೆಟ್. ಸೂಪು ಉಕ್ಕುತ್ತೆ ಹೋಗು."

ಲೂಸೆಟ್ ಹೋಗಲಿಲ್ಲ. ಏಪ್ರನ್ನಿನೊಳಗೆ ಕೈ ಸುತ್ತಿಕೊಂಡು ನಮ್ಮ ಹಿಂದೆಯೇ ಬಂದರು.

ದೊಡ್ಡಪ್ಪ ಮೊದಲು ಪಾಷಾನನ್ನು ತೋರಿಸಿದರು. ಅದನ್ನು ತೋರಿಸದೆ ಅವರು ಪಾದ್ರಿಯನ್ನೂ ಮನೆಯಿಂದ ಕಳಿಸಿದವರಲ್ಲ. ದಪ್ಪ ಸರಪಳಿಯಲ್ಲಿ ಕಟ್ಟಿದ್ದ ಆ ಹೋರಿ ಬಾಗಿಲು ತುಂಬ ನಿಂತಿತ್ತು. ಅದರ ಗಂಡುಮಕ್ಕಳ ಮಾಂಸದ ಮಾತು ಹೋದ ಚಳಿಗಾಲವೆಲ್ಲ ನಮ್ಮ ಸೀಮೆಯಲ್ಲಿ ಹರಡಿತ್ತು. ಹಲ್ಲಿಲ್ಲದವರೂ ತಿನ್ನಬಹುದು ಎಂದು ಕಟುಕರೇ ಹೊಗಳಿದ್ದರು. ಇನ್ನು ಹೆಣ್ಣುಮಕ್ಕಳು ಗೆದ್ದರೆ ಪಾಷಾನ ಬೀಜ ದೇಶವೆಲ್ಲ ಹೋಗುತ್ತದೆ, ಆನ್ಸೆಲ್ಮ್ ಜೂವೋ ಎನ್ನುವ ಹೆಸರು ಅದರ ಹಿಂದೆ ಹೋಗುತ್ತದೆ. ಮೂರು ತಲೆಮಾರು ಇದಕ್ಕಾಗಿ ದುಡಿದಿತ್ತು. ನಾನು ಹತ್ತಿರ ಹೋದಾಗ ಪಾಷಾ ತಲೆಯನ್ನು ಒಮ್ಮೆ ಪಕ್ಕಕ್ಕೆ ಝಾಡಿಸಿತು, ಸರಪಳಿ ಕಿರ್ರೆಂದಿತು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ದೊಡ್ಡಪ್ಪ ನನ್ನ ಕಾಲನ್ನೇ ನೋಡಿದರು.

"ನೊಣ ಕಣೆ. ನೊಣ ಓಡಿಸ್ತು ಅಷ್ಟೇ," ಎಂದರು.

ನವೆಂಬರ್ ಚಳಿಯಲ್ಲಿ ನೊಣವೆಲ್ಲಿಂದ ಬರಬೇಕು ಎಂದು ನಾನು ಕೇಳಲಿಲ್ಲ.

ದೊಡ್ಡಿಯ ಗೇಟು ನನ್ನ ಹಿಂದೆ ಮುಚ್ಚಿಕೊಂಡಿತು. ಆ ಚಿಲಕದ ಸದ್ದು ಕೇಳಿದರೆ ಈಗಲೂ ನನ್ನ ಬೆನ್ನು ತಣ್ಣಗಾಗುತ್ತದೆ. ಹೆದರಿಕೆ ಬಂದಾಗೆಲ್ಲ ನಾನು ಮಾಡುತ್ತಿದ್ದದ್ದು ಒಂದೇ, ಚಿಕ್ಕಂದಿನಲ್ಲಿ ದೊಡ್ಡಪ್ಪ ಇದೇ ಕೊಟ್ಟಿಗೆಯಲ್ಲಿ ನನ್ನ ಹಿಂದೆ ನಿಂತು ಹೇಳಿಕೊಟ್ಟದ್ದನ್ನು ಮಂತ್ರದಂತೆ ಹೇಳಿಕೊಳ್ಳುವುದು. ಕಣ್ಣು ನೋಡಬೇಡ, ಭುಜ ನೋಡು. ಕಾಲು ನೆಲಕ್ಕೆ ಊರು. ಬಿಟ್ಟು ಬರುವಾಗ ಬೆನ್ನು ತಿರುಗಿಸಬೇಡ, ಗೇಟಿನ ಕಡೆಗೆ ಹಿಂದೆ ಹಿಂದೆ ಹೆಜ್ಜೆ ಇಡು.

ಮೊದಲು ಬಂದದ್ದು ತುಲಿಪ್. ಒಂದು ವರ್ಷ ದೇಶದಲ್ಲಿ ಹುಟ್ಟಿದ ಕರುಗಳಿಗೆಲ್ಲ ಒಂದೇ ಅಕ್ಷರದಿಂದ ಹೆಸರಿಡಬೇಕು, ಇವುಗಳ ಪಾಲಿಗೆ ತ ಬಂದಿತ್ತು. ತುಲಿಪ್ ಮೂಲೆಗೆ ಹೋಗಿ ನಿಂತಿತು. ಬೆನ್ನು ಮುಟ್ಟಿದೆ, ಕಿವಿಯನ್ನೂ ಆಡಿಸಲಿಲ್ಲ. ಆಮೇಲೆ ತಿಸಾನ್. ಅದೂ ಹಾಗೆಯೇ.

"ಇವು ಕಡಸೋ, ಸನ್ಯಾಸಿನಿಯರೋ?" ಎಂದು ಗೇಟಿನಾಚೆಯಿಂದ ಕ್ಲೋವಿಸ್.

"ಅಪ್ಪನ ಗುಣ ಕಣಯ್ಯ, ಬರ್ಕೋ," ಎಂದರು ದೊಡ್ಡಪ್ಪ. ದನಿಯಲ್ಲಿ ಹಿಗ್ಗು ಉಕ್ಕುತ್ತಿತ್ತು.

ನನಗೆ ಬದುಕಿದೆಯಾ ಬಡಜೀವವೇ ಎನ್ನಿಸಿತ್ತು. ಆದರೆ ಎಲ್ಲೋ ಏನೋ ಸರಿಯಿರಲಿಲ್ಲ. ಹುಲ್ಲುಗಾವಲಲ್ಲಿ ತಾಯಿಯ ಜೊತೆ ಬೆಳೆದ ಕಡಸು ಮನುಷ್ಯರನ್ನು ಕಂಡರೆ ಮೊದಲು ತನ್ನ ಜೊತೆಗಾರರ ಕಡೆ ನೋಡುತ್ತದೆ. ಇವು ನನ್ನ ಕೈ ನೋಡುತ್ತಿದ್ದವು. ಕೈ ಖಾಲಿ ಎಂದು ಕಂಡ ಮೇಲೆ ನನ್ನ ಕೋಟಿನ ಜೇಬು. ತಿಸಾನ್ ಮೂಗು ಚಾಚಿ ಜೇಬಿನ ಅಂಚನ್ನು ನೆಕ್ಕಿತು. ನಾನದನ್ನು ಕಂಡೆ, ಕಂಡೂ ಮುಂದೆ ಹೋದೆ. ಹೆದರಿದವರ ಬುದ್ಧಿಯೇ ಅಷ್ಟು, ಏಟು ಬೀಳದಿದ್ದರೆ ಸಾಕು, ಉಳಿದದ್ದೆಲ್ಲ ಆಮೇಲೆ ಎನ್ನುತ್ತದೆ.

ಮೂರನೆಯದರ ಹೆಸರು ತೂರ್ತರೆಲ್. ಹಾಗೆಂದರೆ ಬೆಳವದ ಹಕ್ಕಿ, ಪಾರಿವಾಳದ ಬಡ ತಂಗಿ. ಹೆಸರಿಟ್ಟವರ ಬಾಯಿಗೆ ಸಕ್ಕರೆ ಹಾಕಬೇಕು. ದಪ್ಪ ಕುತ್ತಿಗೆ, ಅಪ್ಪನದೇ ಹಣೆ. ಅದು ಒಳಗೆ ಬಂದದ್ದೇ ನಾನು ನಡೆಸುವುದನ್ನು ಕಾಯದೆ ನೇರ ನನ್ನ ಕಡೆ ನಡೆಯಿತು. ಓಡಲಿಲ್ಲ, ಬುಸುಗುಟ್ಟಲಿಲ್ಲ. ಪರಿಚಯದವರ ಮನೆಗೆ ಬಂದವರ ಹಾಗೆ ಬಂದು ನನ್ನ ಜೇಬಿಗೆ ಮೂತಿ ಹಾಕಿತು. ಜೇಬು ಖಾಲಿ. ಇನ್ನೊಂದು ಜೇಬು ನೋಡಿತು. ಅದೂ ಖಾಲಿ. ತಲೆಯೆತ್ತಿ ನನ್ನ ಮುಖ ನೋಡಿತು.

ಆ ಕಣ್ಣಿನಲ್ಲಿ ನನ್ನನ್ನು ಕಂಡ ಭಯ ಒಂದಿಷ್ಟೂ ಇರಲಿಲ್ಲ. ಪಳಗದ ದನಕ್ಕೆ ಮನುಷ್ಯನ ಭಯವಿರುತ್ತದೆ, ಆ ಭಯವೇ ನಮ್ಮಿಬ್ಬರ ನಡುವಿನ ಬೇಲಿ. ಯಾರೋ ಆ ಬೇಲಿಯನ್ನು ಕಿತ್ತಿದ್ದರು. ಹುಟ್ಟಿನ ಸಿಟ್ಟನ್ನು ಕೀಳಲು ಮಾತ್ರ ಅವರಿಂದ ಆಗಿರಲಿಲ್ಲ. ಅದು ಗೊತ್ತಾದ ಕ್ಷಣವೇ ನನ್ನ ಹಾಳು ಕಾಲು ಹಿಂದಕ್ಕೆ ಜರುಗಿತು.

ತೂರ್ತರೆಲ್ ತಲೆ ತಗ್ಗಿಸಿ ನನ್ನ ಎದೆಗೆ ಒಂದೇ ನೂಕು ನೂಕಿತು. ಬೆನ್ನು ದೊಡ್ಡಿಯ ಬೇಲಿಗೆ ಬಡಿಯಿತು. ಜಾರಿ ಬಿದ್ದೆ, ಏಳುವುದರೊಳಗೆ ಅದರ ಹಣೆ ನನ್ನ ಪಕ್ಕೆಯ ಮೇಲಿತ್ತು. ಹಳೆಯ ಮುರಿತದ ಮೇಲೆಯೇ. ಅದು ಹಿಟ್ಟು ನಾದುವ ಹಾಗೆ ಒತ್ತುತ್ತಿತ್ತು, ಆತುರವೇ ಇಲ್ಲದೆ. ಕೂಗಬೇಕೆಂದರೆ ಒಳಗೆ ಗಾಳಿಯೇ ಇಲ್ಲ. ಸತ್ತೆ ಎಂದುಕೊಂಡೆ. ಸಾಯುವುದು ಇಷ್ಟು ನಿಧಾನವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

"ಏಯ್! ಏಯ್! ಆನ್ಸೆಲ್ಮ್, ಏನಾದ್ರೂ ಮಾಡಿ ಮಾರಾಯ್ರೆ!" ಕ್ಲೋವಿಸ್ ಗೇಟು ಹತ್ತಲು ಹೋಗಿ, ಮಂಡಿ ಬಗ್ಗದೆ ಜಾರಿ, ಕಂಬಿ ಹಿಡಿದುಕೊಂಡು ಕೂಗುತ್ತಿದ್ದ.

ಕಡಸಿನ ಕಿವಿಯ ಪಕ್ಕದಿಂದ ನನಗೆ ದೊಡ್ಡಪ್ಪ ಕಾಣುತ್ತಿದ್ದರು. ಅವರ ಬಲಗೈ ನೀಲಿ ಕೋಟಿನ ಜೇಬಿನೊಳಗೆ ಹೋಯಿತು. ಆ ಜೇಬಿನಲ್ಲಿ ಏನಿದೆಯೆಂದು ನನಗೆ ಆಗಲೇ ಗೊತ್ತಾಗಿತ್ತು, ಅದು ಹೊರಗೆ ಬಂದರೆ ನಾನು ಬದುಕುತ್ತೇನೆಂದೂ ಗೊತ್ತಾಗಿತ್ತು. ಒಳಗೆ ಹೋದ ಕೈ ಅಲ್ಲೇ ನಿಂತಿತು. ದೊಡ್ಡಪ್ಪ ನನ್ನನ್ನು ನೋಡಿದರು. ಆಮೇಲೆ ಕ್ಲೋವಿಸ್‌ನ ಕೈಯಿಂದ ಬಿದ್ದಿದ್ದ ಅಂಕದ ಹಲಗೆಯನ್ನು ನೋಡಿದರು. ಮತ್ತೆ ನನ್ನನ್ನು ನೋಡಿದರು. ಒಂದು ಉಸಿರಿನಷ್ಟು ಹೊತ್ತು ಎನ್ನೋಣವೆಂದರೆ ನನ್ನಲ್ಲಿ ಉಸಿರಿರಲಿಲ್ಲ. ಕೈ ಹೊರಗೆ ಬರಲಿಲ್ಲ.

ಲೂಸೆಟ್ ಗಂಡನ ಮೇಲೆ ಬಿದ್ದ ಹಾಗೆ ಬಂದು ಜೇಬಿಗೆ ಕೈ ಹಾಕಿ, ಅವರ ಕೈಯ ಜೊತೆಗೇ ಒಣಗಿದ ಬ್ರೆಡ್ಡಿನ ತುಂಡುಗಳನ್ನು ಎಳೆದು, ಗೇಟಿನ ಕಂಬಿಗೆ ಬಡಿದರು. ಟಕ್ ಟಕ್ ಟಕ್.

ತೂರ್ತರೆಲ್‌ನ ತಲೆ ನನ್ನ ಮೇಲಿಂದ ಎದ್ದಿತು. ಅದೊಂದೇ ಅಲ್ಲ. ಆಚೆ ಕಂಬಿಯ ಹಿಂದಿದ್ದ ಪಾಷಾನ ಹೆಣ್ಣುಮಕ್ಕಳೆಲ್ಲ ಒಟ್ಟಿಗೆ ತಲೆಯೆತ್ತಿ ಗೇಟಿನ ಕಡೆ ತಿರುಗಿದವು, ಒಂದನ್ನೊಂದು ತಳ್ಳಿಕೊಂಡು ಕಂಬಿಗೆ ಮುಗಿಬಿದ್ದವು, ಕುತ್ತಿಗೆ ಚಾಚಿ ನಾಲಿಗೆ ಹೊರಹಾಕಿ ನಿಂತವು. ತಿಂಗಳುಗಟ್ಟಲೆ ದಿನಾ ಸಂಜೆ ಆ ಸದ್ದಿಗೆ ಓಡಿಬಂದು ಅಭ್ಯಾಸವಿದ್ದ ಓಟ ಅದು. ಯಾರೂ ಬಾಯಿಬಿಟ್ಟು ಹೇಳುವುದು ಬೇಕಿರಲಿಲ್ಲ. ತೂರ್ತರೆಲ್ ಲೂಸೆಟ್ ಅವರ ಅಂಗೈಯಿಂದ ಬ್ರೆಡ್ಡನ್ನು ತುಟಿಯಲ್ಲಿ ಮೆತ್ತಗೆ ಎತ್ತಿಕೊಂಡಿತು. ಬೆಳವದ ಹಕ್ಕಿಯ ಹಾಗೆಯೇ.

ನಾನು ಮೊಣಕೈಯಲ್ಲಿ ತೆವಳಿ ಕೆಳಗಿನ ಕಂಬಿಯಡಿ ಹೊರಗೆ ಬಂದೆ. ಕ್ಲೋವಿಸ್ ನನ್ನ ಕಂಕುಳಿಗೆ ಕೈ ಕೊಟ್ಟು ಎಳೆದುಕೊಂಡ. ಆಮೇಲೆ ಅಂಕದ ಹಲಗೆ ಎತ್ತಿಕೊಂಡು, ಬರೆದಿದ್ದ ಅಂಕಗಳ ಮೇಲೆ ಉದ್ದಕ್ಕೆ ಗೆರೆ ಎಳೆದ. ದೊಡ್ಡಪ್ಪ ಆ ಗೆರೆಯನ್ನು ನೋಡುತ್ತ ನಿಂತಿದ್ದರು.

ಅಡುಗೆಮನೆಯಲ್ಲಿ ಒಲೆಯ ಪಕ್ಕ ಕೂರಿಸಿ ಲೂಸೆಟ್ ನನ್ನ ಅಂಗಿ ಎತ್ತಿ ಪಕ್ಕೆ ಮುಟ್ಟಿ ನೋಡಿದರು. "ಮುರಿದಿಲ್ಲ ಅನ್ಸುತ್ತೆ. ಆದ್ರೂ ಊಟ ಆದ್ಮೇಲೆ ಡಾಕ್ಟರ ಹತ್ರ ಹೋಗು." ಸೂಪಿನ ಬಟ್ಟಲು ಮುಂದಿಟ್ಟರು. ಕ್ಲೋವಿಸ್ ನಮ್ಮ ಸೀಮೆಯ ರೂಢಿಯಂತೆ ತನ್ನ ಬಟ್ಟಲಿನ ತಳದ ಸೂಪಿಗೆ ಕೆಂಪು ವೈನ್ ಸುರಿದು, ಎರಡೂ ಕೈಯಲ್ಲಿ ಎತ್ತಿ ಕುಡಿದು, ಯಾರನ್ನೂ ನೋಡದೆ ಬಾಯೊರೆಸಿಕೊಂಡ.

ದೊಡ್ಡಪ್ಪ ಒಳಗೆ ಬಂದು ತಮ್ಮ ಜಾಗದಲ್ಲಿ ಕೂತರು. ಚಾಕು ತೆಗೆದು, ಪಾಷಾನ ಮಗನದೇ ಮಾಂಸವನ್ನು ಕೊಯ್ದು ನನ್ನ ತಟ್ಟೆಗೆ ಹಾಕಿದರು.

"ಜೇಬಲ್ಲಿ ಕೈ ಸಿಕ್ಕಾಕ್ಕೊಂಡ್ಬಿಡ್ತು ಮಗಳೇ. ಒಳಗಿನ ಹೊಲಿಗೆ ಬಿಟ್ಟೋಗಿದೆ."



"ಹೊಲಿಗೆ ನಾನೇ ಹಾಕಿದ್ದು. ಬಿಟ್ಟಿಲ್ಲ," ಎಂದರು ಲೂಸೆಟ್.

"ನೀನು ಸುಮ್ನಿರು."

"ಸುಮ್ನಿದ್ದಿದ್ದಕ್ಕೇ ಇಷ್ಟಾಯ್ತು. ಬೇಸಿಗೆಯಿಂದ ಬಡ್ಕೊಂಡೆ, ಬ್ರೆಡ್ ಹಾಕಿ ಗುಣ ಬದಲಾಗಲ್ಲ ಅಂತ. ಹೊಟ್ಟೆ ತುಂಬಿರೋವಾಗ ಹುಲಿನೂ ಸಾಧುವೇ."

ದೊಡ್ಡಪ್ಪ ಅವರ ಮಾತು ಕೇಳದವರಂತೆ ನನ್ನ ಕಡೆ ಬಾಗಿದರು. "ಸಂಘದೋರಿಗೆ ಏನ್ ಗೊತ್ತು ಹೇಳು. ತಿಂದು ನೋಡು, ಇಂಥಾ ಮಾಂಸ ಎಲ್ಲಾದ್ರೂ ಇದ್ಯಾ? ಒಂದು ಕಡಸು ಸ್ವಲ್ಪ ಚುರುಕು ಅಂತ ಇದನ್ನೆಲ್ಲ ಹಾಳು ಮಾಡ್ತಾರಾ? ತೂರ್ತರೆಲ್ ಒಂದನ್ನ ಬಿಟ್ಬಿಡೋಣ. ಉಳಿದೋವು ಸರಿಯಾಗೇ ನಿಂತ್ವಲ್ಲ. ನೀನು ಒಂದು ಮಾತು ಹೇಳಿದ್ರೆ ಕ್ಲೋವಿಸ್ ಬೇರೆ ಹಾಳೆ ಬರೀತಾನೆ. ಏನಂತೀಯ?"

ಒಂದು ತುಂಡು ಬಾಯಿಗಿಟ್ಟೆ. ಹಲ್ಲು ತಾಕುವ ಮೊದಲೇ ಕರಗಿತು. ನನ್ನ ಜನ್ಮದಲ್ಲಿ ಅಂಥ ಮಾಂಸ ತಿಂದವಳಲ್ಲ, ಅದನ್ನು ಇಲ್ಲವೆನ್ನಲಾರೆ. ಆದರೂ ಕರವಸ್ತ್ರಕ್ಕೆ ಉಗುಳಿಕೊಂಡೆ.

"ಆಗಲ್ಲ ದೊಡ್ಡಪ್ಪ. ಕೈಯಲ್ಲಿ ತಿನ್ನಿಸಿದ ಕಡಸುಗಳು, ಪರೀಕ್ಷೆ ರದ್ದು. ಮೈಮೇಲೆ ಬಂದಿದ್ದನ್ನೂ ಬರೀತೀವಿ."

"ನನ್ ಮಗಳಾಗಿ ನೀನೇ?"

ಅವರು ಸಿಟ್ಟಿನಿಂದ ಕೇಳಲಿಲ್ಲ, ನಿಜವಾಗಿಯೂ ನೊಂದು ಕೇಳಿದರು. ನನಗೆ ಹೆದರಿಕೆ ಹತ್ತಿದ್ದು ಅದಕ್ಕೇ. ಆ ಜೇಬಿನೊಳಗೆ ಕೈ ನಿಂತದ್ದು ಅವರಿಗೆ ಆಗಲೇ ಮರೆತುಹೋಗಿತ್ತು, ಅಥವಾ ಹೊಲಿಗೆ ಬಿಟ್ಟ ಕಥೆಯನ್ನು ಅವರೇ ನಂಬಿಬಿಟ್ಟಿದ್ದರು. ನೀನೇ ಬಾ ಎಂದು ಕರೆದದ್ದು ಯಾಕೆಂದು ಹೊಳೆಯಿತು. ಬೇರೆ ಪರೀಕ್ಷಕ ತಿಸಾನ್ ಜೇಬು ನೆಕ್ಕಿದಾಗಲೇ ಗೇಟು ತೆರೆಸುತ್ತಿದ್ದ. ಮಗಳು ಕಂಡೂ ಸುಮ್ಮನಿರುತ್ತಾಳೆ ಎಂದು ಅವರು ಲೆಕ್ಕ ಹಾಕಿದ್ದರು, ಲೆಕ್ಕ ತಪ್ಪೂ ಆಗಿರಲಿಲ್ಲ.

ಎದ್ದೆ. ಕ್ಲೋವಿಸ್ ಕಾರು ತಿರುಗಿಸಲು ಮೊದಲೇ ಹೊರಟಿದ್ದ. ಲೂಸೆಟ್ ನನ್ನ ಕೋಟು ತರಲು ಒಳಗೆ ಹೋದರು. ಅಂಗಳದಲ್ಲಿ ನಾನು ಮತ್ತು ದೊಡ್ಡಪ್ಪ ಇಬ್ಬರೇ ಉಳಿದೆವು. ಕೊಟ್ಟಿಗೆಯ ಒಳಗೆ ಪಾಷಾನ ಸರಪಳಿ ಒಮ್ಮೆ ಎಳೆದು ಬಿಟ್ಟ ಸದ್ದಾಯಿತು.

"ಬಾ, ಕಾರಿನ ತನಕ ಹಿಡ್ಕೊಂಡು ಬರ್ತೀನಿ. ನೆಲ ಜಾರುತ್ತೆ," ಎಂದು ದೊಡ್ಡಪ್ಪ ಕೈ ಚಾಚಿ ನನ್ನ ಕಡೆ ಒಂದು ಹೆಜ್ಜೆ ಇಟ್ಟರು. ನಾನು ನಡೆಯಲು ಕಲಿತದ್ದು ಆ ಕೈ ಹಿಡಿದು. ಹಳೆಯ ಪ್ರೀತಿಯೇ ಆ ಮುಖದಲ್ಲಿತ್ತು, ಅದು ಸುಳ್ಳೆಂದು ನಾನು ಇವತ್ತಿಗೂ ಹೇಳುವುದಿಲ್ಲ.

ನನಗೆ ಗೊತ್ತಿಲ್ಲದೆಯೇ ನನ್ನ ಕಾಲು ನೆಲಕ್ಕೆ ಊರಿತು. ಬೆಳಿಗ್ಗೆಯಿಂದ ಮಾತು ಕೇಳದ ಕಾಲು ಈಗ ಅಲುಗಾಡದೆ ನಿಂತಿತು. ಎರಡೂ ತೋಳು ಮೈಯಿಂದ ಸ್ವಲ್ಪ ಅಗಲವಾದವು. ನಾನು ಅವರ ಕಣ್ಣು ನೋಡುತ್ತಿರಲಿಲ್ಲ, ಅವರ ಬಲ ಭುಜ ನೋಡುತ್ತಿದ್ದೆ. ಬೆನ್ನು ತಿರುಗಿಸದೆ, ಗೇಟಿನ ಕಡೆಗೆ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟೆ.

ದೊಡ್ಡಪ್ಪನ ಕೈ ಗಾಳಿಯಲ್ಲೇ ನಿಂತುಬಿಟ್ಟಿತು. ಬೇರೆ ಯಾರಾದರೂ ಆಗಿದ್ದರೆ ನೋವಿಗೆ ಹೀಗೆ ನಡೆಯುತ್ತಿದ್ದಾಳೆ ಎಂದುಕೊಳ್ಳುತ್ತಿದ್ದರು. ಕಲಿಸಿದವರು ಅವರೇ ಆದ್ದರಿಂದ ಅವರಿಗೆ ಗೊತ್ತಾಯಿತು.